ಎರಡು ಬೆರಳು ಸಡಿಲ

ಇಪ್ಪತ್ತೆರಡು ವರ್ಷ ಟ್ರಾಮು ನಡೆಸಿದವಳು ನಾನು,
ವುಚ್ ನಗರದಲ್ಲಿ, ಹನ್ನೊಂದನೇ ನಂಬರು.
ತಿರುಗಿಸುವುದು ಹೇಗೆಂದು ನನ್ನನ್ನು ಕೇಳಬೇಡಿ.
ಹಳಿ ತಿರುಗಿದಲ್ಲಿ ತಿರುಗಿದ್ದೇನೆ,
ಗಂಟೆ ಬಾರಿಸಿದ್ದೇನೆ, ನಿಂತಿದ್ದೇನೆ, ಹೊರಟಿದ್ದೇನೆ.

ಈಗ ಈ ಭಾನುವಾರ, ಬೆರಳು ಮರಗಟ್ಟುವ ಚಳಿಯಲ್ಲಿ,
ಹಳೇ ಸಾಮಾನಿನ ಸಂತೆಯಲ್ಲಿ ಹಾಸಿದ ಕಂಬಳಿಯೊಂದರ ಮುಂದೆ
ಕುಕ್ಕರಗಾಲಲ್ಲಿ ಕೂತು
ಸ್ಟೀರಿಂಗಿನ ಕರುಳು ಆರಿಸುತ್ತಿದ್ದೇನೆ.

ಕಾರು ಚಿಕ್ಕಮ್ಮ ಲೆಯೋಕಾಡಿಯಾಳದು.
ಎಪ್ಪತ್ತೊಂಬತ್ತನೇ ಇಸವಿ, ಸಾಸಿವೆ ಬಣ್ಣ.
ಇಡೀ ದೇಶವೇ ಅದನ್ನು ಕೂಸು ಎಂದು ಕರೆಯುತ್ತಿತ್ತು,
ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡ ಕೂಸು.
ತಿಂಗಳು ತಿಂಗಳು ಪಾಸುಬುಕ್ಕಿಗೆ ಹಣ ಕಟ್ಟಿ
ಐದು ವರ್ಷ ಕಾದಿದ್ದಳು.
ಆರು ಬಸಿರಿನಷ್ಟು ದಿನ, ಮೇಲೆ ಆರು ತಿಂಗಳು,
ಅವಳದೇ ಲೆಕ್ಕ, ಮಕ್ಕಳಿಲ್ಲದವಳದು.
ಕಣ್ಣಿಗೆ ಪೊರೆ ಬಂದ ವರ್ಷ ಬೀಗದ ಕೈ ನನಗೆ ಕೊಟ್ಟು
ಹೇಳಿದ್ದು ಒಂದೇ ಮಾತು:
"ತಿರುವಿಗೆ ಮೊದಲೇ ತಿರುಗಿಸು.
ಅದಕ್ಕೆ ಕಿವಿ ಸ್ವಲ್ಪ ಮಂದ."

ಕಂಬಳಿಯ ಮೇಲೆ ಝೆನೋಬಿಯುಶ್ ಒಂದೊಂದೇ ಇಟ್ಟ.
ಮೊದಲು ಎರಡು ಟೈ ರಾಡ್,
ಕಾರ್ಖಾನೆಯ ಮೇಣಗಾಗದ ಇನ್ನೂ ಬಿಚ್ಚಿರಲಿಲ್ಲ.
"ಒಂದು ಮೈಲಿಯೂ ಓಡಿಲ್ಲ, ಕನ್ಯೆ!" ಎಂದ.
ಬಿಚ್ಚಿದೆ. ರಬ್ಬರಿನ ಟೊಪ್ಪಿಗೆಯೆಲ್ಲ ಬಿರುಕು,
ಗ್ರೀಸು ಒಣಗಿ ಹಳೇ ಬೆಲ್ಲ.
ಓಡದೆಯೂ ಸವೆಯುತ್ತಾರೆ, ಹಾಗಾದರೆ.
ಕಾಗದ ಮತ್ತೆ ಸುತ್ತಿಟ್ಟೆ,
ಯಾರದೋ ಬಟ್ಟೆ ಸರಿಪಡಿಸುವ ಹಾಗೆ.

ಹೊಸ ನಕಲುಗಳು ಥಳಥಳ ಹೊಳೆದವು.
ಅಂಗೈಯಲ್ಲಿ ತೂಗಿ ನೋಡಿದೆ. ಹಗುರ.
ಸುಳ್ಳಿಗೂ ಇಷ್ಟು ಹಗುರ ಇರಬಾರದು.
ಪಕ್ಕದಲ್ಲೇ ಸ್ವಲ್ಪ ಮಂಕಾದ ಇನ್ನೊಂದು ಜೊತೆ,
ಬೆಲೆ ಎರಡರಷ್ಟು, ಕೈಯನ್ನು ಕೆಳಗೆಳೆಯಿತು.
ಅದನ್ನು ಮೊಣಕಾಲಿನ ಹತ್ತಿರ ಸರಿಸಿಕೊಂಡೆ,
ಕೊಳ್ಳುತ್ತೇನೆಂದು ಹೇಳದೆ.

ಆಮೇಲಿನ ಮಾದರಿಯ ರ್‍ಯಾಕ್ ಕೂಡ ಇತ್ತು.
"ಇದಕ್ಕೆ ಕಿವಿ ಚುರುಕು. ಹೇಳುವ ಮೊದಲೇ ಕೇಳುತ್ತೆ.
ಆದರೆ ಮುಂದಿನ ತಗಡು ಕೊರೆದು ಜಾಗ ಮಾಡಬೇಕು."
ಬೇಡ, ಎಂದೆ. ಕೊರೆಯುವುದು ಬೇಡ.

ಕೊನೆಗೆ ಗೋಣಿಯ ಒಳಗಿಂದ ಹಳೇ ಡಬ್ಬಿ,
ಗುಜರಿಗೆ ಹೋದ ಯಾವುದೋ ಕೂಸಿನ ಕೊರಳಿಂದ ಕಿತ್ತದ್ದು.
ಒಳಗೆ ತಿರುಪಿನ ಹಲ್ಲು.
ನಮ್ಮ ಭಾಷೆಯಲ್ಲಿ ಅದಕ್ಕೆ ಬಸವನಹುಳು ಎಂದೇ ಹೆಸರು.
ಕೈಗವಸು ಬಿಚ್ಚಿ ದಂಡ ಹಿಡಿದು ಹೊರಳಿಸಿದೆ:
ನಡುವಿನಲ್ಲಿ ಎರಡು ಬೆರಳು ಸಡಿಲ,
ಎಡಕ್ಕೆ ಬಲಕ್ಕೆ ಹೋದಂತೆ ಗಟ್ಟಿ.

"ಬಿಗಿ ಮಾಡಲಾಗದೇ?"
"ಆಗುತ್ತೆ. ಮೇಲೆ ತಿರುಪಿದೆ ನೋಡು.
ಆದರೆ ಮನುಷ್ಯರು ಹೆಚ್ಚು ಹೋಗುವುದು ನೇರಕ್ಕೇ ತಾನೇ,
ಸವೆದಿರುವುದು ನಡುವೆ.
ನೇರಕ್ಕೆ ಸರಿಯಾಗಲೆಂದು ಪೂರ್ತಿ ಬಿಗಿದೆಯೋ,
ತಿರುವಿನಲ್ಲಿ ಹಿಡಿದು ನಿಲ್ಲುತ್ತೆ, ಕತ್ತು ಉಳುಕಿದ ಹಾಗೆ.
ಬಿಟ್ಟರೆ ತೂಗುತ್ತೆ, ಬಿಗಿದರೆ ಬಿಕ್ಕುತ್ತೆ.
ಒಂದು ಬೆರಳು ಬಿಡು."
ಹೀಗೆಂದು ಫ್ಲಾಸ್ಕಿನಿಂದ ಬೀಟ್‌ರೂಟ್ ಸಾರು ಬಗ್ಗಿಸಿ ಕುಡಿದ.
ಅವನ ಬಲಗೈಯ ತೋರುಬೆರಳೇ ಅರ್ಧ ಇರಲಿಲ್ಲ.
ಯಾವ ಬೆರಳಿನ ಅಳತೆ ಎಂದು ನಾನು ಕೇಳಲಿಲ್ಲ.

ಚೌಕಾಸಿ ಮಾಡಿದೆವು, ಸುಳ್ಳು ಜಗಳ ಆಡಿದೆವು.
ನೂರಾ ನಲವತ್ತು ಜ್ಲೋಟಿ ಎಣಿಸಿ ಕೊಟ್ಟೆ.
ಭಾರದ ಟೈ ರಾಡು ಜೊತೆ, ಸವೆದ ಡಬ್ಬಿ ಒಂದು,
ಪುಕ್ಕಟೆ, ಹಿಂದಿನ ಯುಗದ ಎರಡು ನಟ್ಟು.

ಮರಳಿ ಬಂದದ್ದು ಹನ್ನೊಂದರಲ್ಲೇ, ಪ್ರಯಾಣಿಕಳಾಗಿ.
ಮುಂದಿನ ಕ್ಯಾಬಿನ್ನಿನಲ್ಲಿ ನಾನೇ ಕೆಲಸ ಕಲಿಸಿದ ಹುಡುಗಿ ಕಿಂಗಾ,
ಕನ್ನಡಿಯಲ್ಲಿ ನೋಡಿ ಹುಬ್ಬು ಹಾರಿಸಿದಳು.
ಮಡಿಲಲ್ಲಿ ಡಬ್ಬಿ, ಚೀಲ ದಾಟಿ ಲಂಗಕ್ಕೆ ಇಳಿಯುತ್ತಿದ್ದ ಗ್ರೀಸು.
ಹಳೇ ನೂಲಿನ ಗಿರಣಿಯ ಹತ್ತಿರ ಹಳಿ ಎಡಕ್ಕೆ ಬಾಗುತ್ತದೆ,
ಕಣ್ಣು ಮುಚ್ಚಿದ್ದರೂ ನನಗೆ ಗೊತ್ತು.
ಚೀಲದೊಳಗೆ ಕೈ ಹಾಕಿ
ದಂಡ ಹಿಡಿದು
ತಿರುವಿಗೆ ಮೊದಲೇ ತಿರುಗಿಸಿದೆ.

ಟ್ರಾಮು ತಿರುಗಿತು.
ಸ್ವಲ್ಪ ತಡವಾಗಿ.